ಇಬ್ಬರ ಬಚ್ಚಲ ನೀರು

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಏಳಕ್ಕೆ ಗದಗಿನಲ್ಲಿ ಶಿರಹಟ್ಟಿ ಬಸ್ಸು ಹತ್ತಿದೆ. ಗದಗ ಹೊಸ ಜಿಲ್ಲೆಯಾದ ಮೇಲೆ ಅದು ಮೊದಲ ಬೇಸಿಗೆ. ನಿಲ್ದಾಣದ ಎದುರಿನ ಅಂಗಡಿಗಳ ಬೋರ್ಡಿನಲ್ಲಿ ‘ಜಿ. ಧಾರವಾಡ’ದ ಮೇಲೆ ಬಣ್ಣ ಬಳಿದು ‘ಜಿ. ಗದಗ’ ಎಂದು ಬರೆದಿದ್ದರು. ಹಳೆಯ ಅಕ್ಷರಗಳು ಅಡಿಯಿಂದ ಇಣುಕುತ್ತಿದ್ದವು. ಕೈಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ನೀರಿನ ಬಾಟಲಿ. ಇಬ್ಬರು ಕೂರುವ ಸೀಟಿನಲ್ಲಿ ಕಿಟಕಿಯ ಕಡೆ ಜಾಗ ಬಿಟ್ಟು ಈಚೆ ಕುಳಿತೆ. ಕಿಟಕಿ ಯಾವಾಗಲೂ ನನ್ನ ಹೆಂಡತಿ ಶಾಂತಾಳದು. ಅವಳು ತೀರಿಕೊಂಡು ವರ್ಷ ದಾಟಿದ್ದರೂ ನನ್ನ ಮೈಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಬೆಟಗೇರಿಯ ಬಾಡಿಗೆ ಮನೆಯನ್ನು ಮಳೆಗಾಲದೊಳಗೆ ಬಿಡಬೇಕಿತ್ತು. ಲಕ್ಷ್ಮೇಶ್ವರದ ಹೊರಗೆ ನಮ್ಮದೊಂದು ಸಣ್ಣ ಪ್ಲಾಟು ಇದೆ. ಹಿಂದೊಮ್ಮೆ ಬಸ್ಸಿನಲ್ಲಿ ಬರುವಾಗ ಅದನ್ನು ನೋಡಿ ಆರಿಸಿದವಳು ಅವಳೇ. ಅವಳ ತವರು ಮುಂಡರಗಿ ಕಡೆಯ ಮಸಾರಿ, ಅಂದರೆ ಕೆಂಪು ನೆಲ. ಹಿತ್ತಲಿಗೆ ಎಷ್ಟು ನೀರು ಹಾಕಿದರೂ ಇಂಗಿಹೋಗುತ್ತಿತ್ತಂತೆ. ಹಾಗಾಗಿ ಕಪ್ಪು ಎರೆನೆಲ ಕಂಡರೆ ಆಕೆಗೆ ಆಸೆ. ಪ್ಲಾಟಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು, “ಇಲ್ಲೆ ಮಲ್ಲಿಗಿ ಹಚ್ಚೂಣು, ಒಂದು ನುಗ್ಗಿನೂ ಇರ್ಲಿ” ಎಂದಿದ್ದಳು. ಅಲ್ಲಿ ಒಬ್ಬನೇ ಮನೆ ಕಟ್ಟಿಸುವುದೋ, ಪ್ಲಾಟು ಮಾರಿ ಇನ್ನೊಂದು ಬಾಡಿಗೆ ಕೋಣೆ ಹುಡುಕುವುದೋ ಎಂಬುದನ್ನು ತೀರ್ಮಾನಿಸಲು ಹೊರಟಿದ್ದೆ.

ಶಿರಹಟ್ಟಿ ಹತ್ತಿರವಾದಂತೆ ಹೊಲಗಳ ಬಣ್ಣ ಕೆಂಪಗಾಯಿತು. ಅಲ್ಲಿ ಮನೆ ಕಟ್ಟುವ ಗೌಂಡಿ ದಾವಲಸಾಬರ ಮನೆಯಲ್ಲಿ ಚಹಾ ಆಯಿತು. ವಯಸ್ಸಿನಲ್ಲಿ ನನ್ನ ಓರಗೆಯವರು, ಕೈಗಳು ಸಿಮೆಂಟಿಗೆ ಒಡೆದಿದ್ದವು.

“ನಮ್ಮಲ್ಲೆ ಮೊಳಕಾಲುದ್ದ ಅಗದ್ರ ಜಲ್ಲಿಯಂಥಾ ಗಟ್ಟಿ ಗರಸು ಸಿಗತೈತ್ರಿ ಮಾಸ್ತರ. ಸಂಡಾಸದ ಗುಂಡಿ ನೀರೂ ತಾನ ಇಂಗತೈತಿ. ಎರಿಯೊಳಗ ಹಂಗಲ್ರಿ. ಮಳಿಗೆ ಉಬ್ಬತೈತಿ, ಬ್ಯಾಸಿಗ್ಯಾಗ ಬಾಯಿ ಬಿಡತೈತಿ. ಮ್ಯಾಲಿನ ಗ್ವಾಡಿನೂ ಬಾಯಿ ಬಿಡತಾವ” ಎಂದರು.

ಅವರ ಗೋಡೆಯಲ್ಲಿ ಒಂದೂ ಬಿರುಕಿರಲಿಲ್ಲ, ನಿಜ. ಅಂಗಳದಲ್ಲಿ ಮಾತ್ರ ಒಂದು ಲಿಂಬೆಗಿಡ ಮೊಣಕಾಲೆತ್ತರಕ್ಕೆ ಮುನಿಸಿಕೊಂಡು ನಿಂತಿತ್ತು. ಶಾಂತಾ ಹೇಳಿದ್ದು ಖರೆ ಎನ್ನಿಸಿತು.

ಇಬ್ಬರೂ ಬಸ್ಸು ಹಿಡಿದು ಮಧ್ಯಾಹ್ನ ಲಕ್ಷ್ಮೇಶ್ವರ ತಲುಪಿದೆವು. ಬಿಸಿಲು ನೆತ್ತಿ ಸುಡುತ್ತಿತ್ತು. ಬೇವಿನ ನೆರಳಲ್ಲಿ ರೊಟ್ಟಿ ಹಂಚಿಕೊಂಡು ಪ್ಲಾಟಿಗೆ ಹೋದರೆ ಅಂಗೈ ಇಳಿಯುವಷ್ಟು ಅಗಲದ ಬಿರುಕುಗಳು. ದಾವಲಸಾಬರು ಹಾರೆಯಿಂದ ಮೊಳಕಾಲುದ್ದದ ಗುಂಡಿ ತೋಡಿದರು. ಪಕ್ಕದ ಮನೆಯ ಕೊಡದಲ್ಲಿ ನೀರು ತಂದು ನಾನೇ ಸುರಿದೆ. ಗಟಗಟನೆ ಒಳಗೆ ಹೋಯಿತು! ಇನ್ನೊಂದು ಕೊಡ, ಅದೂ ಹೋಯಿತು.

“ನೋಡ್ರಿ, ಹೆಂಗ ಕುಡಿತು! ಇನ್ನ ಗುಂಡಿದೇನು ಚಿಂತಿ?” ಎಂದು ಹಿಗ್ಗಿದೆ.

ದಾವಲಸಾಬರು ನಕ್ಕರು. “ಕುಡದಿಲ್ರಿ, ಬಿರಕಿನ್ಯಾಗ ಬಿದ್ದೈತಿ. ಇನ್ನ ನಾಕು ಕೊಡ ಹಾಕ್ರಿ. ನೆಲ ಬಾಯಿ ಮುಚ್ಚಿದ ಮ್ಯಾಲೆ ಅದರ ಖರೆ ಗುಣಾ ತಿಳಿತೈತಿ.”

ನಾಲ್ಕು ಕೊಡ ಹಾಕಿದೆ. ನೀರು ನಿಂತಿತು. ದಾವಲಸಾಬರು ಅದೇ ಊರಲ್ಲಿದ್ದ ಮಗಳ ಮನೆಗೆ ಹೋದರು, ನಾನು ಲಾಡ್ಜಿಗೆ. ಕೋಣೆಯಲ್ಲಿ ಎರಡು ಮಂಚಗಳಿದ್ದವು. ಒಂದರ ಮೇಲೆ ಕೈಚೀಲ ಇಟ್ಟೆ. ಖಾಲಿ ಬಿಡಲು ಮನಸ್ಸಾಗಲಿಲ್ಲ.

ಬೆಳಿಗ್ಗೆ ನೋಡಿದರೆ ಗುಂಡಿಯ ನೀರು ಎರಡು ಬೆರಳಷ್ಟೇ ಇಳಿದಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನು ನಾನು. ‘ಕಪ್ಪು ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ’ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಅದನ್ನು ಬಗ್ಗಿ ನೋಡಿದ್ದು ಆವತ್ತೇ.

“ಕಟ್ಟಾಕ ಬರತೈತ್ರಿ” ಎಂದರು ದಾವಲಸಾಬರು. “ಗರಸು ಸಿಗೂತನಕ ಪಾಯ ಇಳಿಸೂಣು. ಸಂಡಾಸಕ್ಕ ಇಟ್ಟಂಗಿ ಟಾಕಿ ಕಟ್ಟೂಣು. ಬಚ್ಚಲ ನೀರು ಮಾತ್ರ ಅದಕ್ಕ ಬಿಡಬ್ಯಾಡ್ರಿ, ತುಂಬಿ ಮ್ಯಾಲೆ ಬರತೈತಿ. ಅದನ್ನ ಗಿಡಕ್ಕ ತಿರುವೂಣು. ಎಷ್ಟು ಮಂದಿ ಇರ್ತೀರಿ?”

“ಇಬ್ಬರು” ಎಂದೆ.

ಅವರು ಬೂದಿಯಿಂದ ಗೀಟು ಎಳೆದರು: ಇಲ್ಲಿ ಟಾಕಿ, ಇಲ್ಲಿ ಬಚ್ಚಲು, ಅಲ್ಲಿಂದ ಕಾಲುವೆ, ಅದರ ತುದಿಗೆ ನಾನು ಹೇಳಿದ್ದ ಮಲ್ಲಿಗೆ, ನುಗ್ಗೆ ಗಿಡಗಳಿಗೆ ಎರಡು ಮಡಿ. “ಮುಂದಿನ ಸಲ ಅಮ್ಮಾರನ್ನೂ ಕರಕೊಂಡ ಬರ್ರಿ. ಅಡಿಗಿಮನಿ ಕಿಡಕಿ ಯಾವ ಕಡೆ ಬೇಕಂತ ಅವರ ಹೇಳ್ಲಿ.”

ನಾಚಿಕೆಯೂ ದುಃಖವೂ ಒಟ್ಟಿಗೇ ಬಂದವು. “ಆಕಿ ಇಲ್ರಿ ದಾವಲಸಾಬ್ರ. ಹ್ವಾದ ವರ್ಷ ತೀರಿಕೊಂಡಳು. ಇಬ್ಬರು ಅನ್ನೂದು ರೂಢಿ ಆಗೇತಿ, ಬಾಯಿ ತಪ್ಪಿ ಬಂತು.”

ಅವರು ಗುಂಡಿಯ ಅಂಚಿಗೆ ಕುಳಿತರು. ಗೀಟು ಅಳಿಸುತ್ತಾರೆಂದು ಕಾದೆ. ಅಳಿಸಲಿಲ್ಲ.

“ಒಬ್ಬರ ಬಚ್ಚಲ ನೀರು ನುಗ್ಗಿಗೆ ಸಾಕ್ರಿ” ಎಂದರು ಕೊನೆಗೆ. “ಮಲ್ಲಿಗಿಗೆ ಸಾಲಂಗಿಲ್ಲ. ಅಮ್ಮಾರ ಪಾಲಿಂದು ದಿನಾ ಎರಡು ಕೊಡ ನೀವ ಹೊತ್ತು ಹಾಕಬೇಕಾಗತೈತಿ. ಹಾಕ್ತೀರೇನು?”

ಇಡೀ ರಾತ್ರಿ ಲೆಕ್ಕ ಹಾಕಿ ತೀರದಿದ್ದ ವಿಚಾರವನ್ನು ಅವರು ಎರಡು ಕೊಡಕ್ಕೆ ತಂದು ನಿಲ್ಲಿಸಿದ್ದರು.

“ಹಾಕ್ತೀನಿ” ಎಂದೆ. “ಮಳಿ ಹಿಡಿಯೂದರಾಗ ಪಾಯ ಹಾಕ್ರಿ.”

ಹತ್ತೂವರೆಯ ಗದಗ ಬಸ್ಸಿನಲ್ಲಿ ಮತ್ತೆ ಕಿಟಕಿ ಬಿಟ್ಟು ಕುಳಿತಿದ್ದೆ. ಬುಟ್ಟಿ ಹೊತ್ತ ಹೆಂಗಸೊಬ್ಬಳು, “ಇಲ್ಲೆ ಯಾರರ ಅದಾರೇನ್ರಿ?” ಎಂದು ಕೇಳಿದಳು. ಒಂದು ಕ್ಷಣ ತಡೆದು, “ಇಲ್ಲಬೇ, ಕುಂಡ್ರಿ” ಎಂದು ನಾನೇ ಕಿಟಕಿಗೆ ಸರಿದೆ. ಊರು ದಾಟುತ್ತಲೇ ನಮ್ಮ ಪ್ಲಾಟು ಅದೇ ಕಡೆ ಬಂತು. ಅಂದು ಬಸ್ಸಿನಿಂದ ಶಾಂತಾಳಿಗೆ ಅದು ಕಂಡದ್ದು ಹೇಗೆಂದು ಆಗ ತಿಳಿಯಿತು. ಬೂದಿಯ ಗೀಟುಗಳ ನಡುವೆ ಗುಂಡಿಯ ನೀರು ಇನ್ನೂ ಹಾಗೇ ನಿಂತಿತ್ತು.