ವೈದ್ಯೆಯ ತಲೆಯ ಮೇಲೆ ಅಮ್ಮನ ಕೈ

ಸ್ವೀಡನ್ನಿನ ವೆಸ್ಟೆರಾಸ್ ನಗರದ ಆರೋಗ್ಯ ಕೇಂದ್ರದಲ್ಲಿ ಸ್ವೀಡಿಷ್ ವೈದ್ಯೆ ನೆಲಕ್ಕೆ ಮಂಡಿಯೂರಿ, ಬೆಂಗಳೂರಿನಿಂದ ನನ್ನನ್ನು ನೋಡಲು ಬಂದಿದ್ದ ಅಮ್ಮನ ಊದಿದ ಪಾದ ಹಿಡಿದುಕೊಂಡರು. ಬೆರಳಿನಿಂದ ಒತ್ತಿದಲ್ಲಿ ಗುಳಿ ಹಾಗೇ ಉಳಿಯಿತು. ಕಿಡ್ನಿಗೇ ಏನೋ ಆಗಿದೆಯೆಂದು ಹೆದರಿದ್ದ ಅಮ್ಮ ಈಗ ಬೇರೆಯೇ ಕಾರಣಕ್ಕೆ ಗಾಬರಿಯಾದಳು. "ಅಯ್ಯೋ, ಡಾಕ್ಟ್ರು ನನ್ ಕಾಲು ಮುಟ್ಟೋದಾ? ಬೇಡ ಅಂತ ಹೇಳೇ!" ಎಂದವಳೇ, ಅಭ್ಯಾಸಬಲದಿಂದ ಆ ಬಾಗಿದ ತಲೆಯ ಮೇಲೆ ಕೈಯಿಟ್ಟು, "ಚೆನ್ನಾಗಿರಮ್ಮ" ಎಂದು ಹರಸಿಬಿಟ್ಟಳು. ನಾನು ಸಂಕೋಚದಿಂದ ಅರ್ಥ ಹೇಳಿದೆ. ವೈದ್ಯೆ ನಕ್ಕು, ತಲೆಯನ್ನು ಇನ್ನಷ್ಟು ಬಾಗಿಸಿದರು.

ಕಿಡ್ನಿ, ಹೃದಯ ಎರಡೂ ಚೆನ್ನಾಗಿದ್ದವು. ಹೊಸದಾಗಿ ಶುರುಮಾಡಿದ್ದ ಬಿ.ಪಿ. ಮಾತ್ರೆಯ ಮೇಲೆ ಅನುಮಾನಪಟ್ಟು ವೈದ್ಯೆ ಅದನ್ನು ಬದಲಿಸಿದರು, ಊತ ಇಳಿಯಿತು.

ಊರಿಗೆ ಮರಳಿದ ಅಮ್ಮ ಈಗ ಫೋನಿನಲ್ಲಿ ನನ್ನ ಊಟಕ್ಕಿಂತ ಮೊದಲು ಆ ವೈದ್ಯೆಯ ಕ್ಷೇಮ ವಿಚಾರಿಸುತ್ತಾಳೆ. ಇಲ್ಲಿ ನನಗೊಬ್ಬ ಅಕ್ಕ ಇದ್ದಾಳೆಂದು ಅವಳ ನಂಬಿಕೆ. ನಾನು ತಿದ್ದಲು ಹೋಗುವುದಿಲ್ಲ.