ಎಂಜಿನ್ನಿನ ಹಳದಿ ದೀಪ ಮತ್ತು ನಮ್ಮಪ್ಪನ ಭಂಡಾರ

ಕಳೆದ ಶ್ರಾವಣದ ಒಂದು ಮಂಗಳವಾರ. ನಾರಾಯಣಗೂಡದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮುಗಿಸಿಕೊಂಡು ಹೆಂಡತಿ ಶಾಂತಾಳನ್ನು ಜೀಡಿಮೆಟ್ಲಾದ ಮನೆಗೆ ಕರೆತರುತ್ತಿದ್ದೆ. ಫ್ಲೈಓವರ್ ಏರುವಾಗ ಕಾರಿನ ಪಿಕಪ್ ಒಮ್ಮೆಲೇ ಸತ್ತಿತು. ಮೀಟರಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಿತು, ಗಾಡಿ ನಿಂತಿತು. ಹಿಂದೆ ಬರುತ್ತಿದ್ದ ಲಾರಿ ನಮ್ಮನ್ನು ಸವರಿದಂತೆ ಪಕ್ಕದಿಂದ ಹೋಯಿತು. ಹಿಂದಿನ ಸೀಟಿನಲ್ಲಿ ಮಲಗಿದ್ದ ಶಾಂತಾಗೆ ಎದ್ದು ಕೂಡುವ ಶಕ್ತಿಯೂ ಇರಲಿಲ್ಲ.

ಇಂಥದ್ದು ಎರಡನೇ ಸಲ. ಮೊದಲ ಸಲ ಮೆಕ್ಯಾನಿಕ್ ಯಾದಗಿರಿ ಸ್ಕ್ಯಾನರ್ ಹಚ್ಚಿದಾಗ ಪಿ-ಸೊನ್ನೆ-ಒಂದು-ಸೊನ್ನೆ-ಒಂದು ಎಂಬ ಕೋಡ್ ಬಂದಿತ್ತು. ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್ ತಪ್ಪು ಹೇಳುತ್ತಿದೆ ಎಂದು ಅದರ ಅರ್ಥ. ಅವನು ಸೆನ್ಸರ್ ಬದಲಿಸಿ, ಕೋಡ್ ಅಳಿಸಿ ಕೊಟ್ಟ. ಗಾಡಿ ಸರಿಯಾದ ಸಂತೋಷಕ್ಕೆ ನಾನು ಬಾನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು, “ಏಳುಕೋಟಿ” ಎಂದು ಕೂಗಿ ನಮ್ಮಪ್ಪ ಮೈಲಾರಲಿಂಗನ ಅರಿಶಿನದ ಭಂಡಾರ ಹಾರಿಸಿದ್ದೆ. ಹೊಸ ಗಾಡಿ ತಂದಾಗಿನಿಂದ ಹಬ್ಬಹಬ್ಬಕ್ಕೂ ನಮ್ಮ ಪದ್ಧತಿ ಅದೇ.

ಈ ಸಲ ಹೇಗೋ ಗಾಡಿ ಮತ್ತೆ ಚಾಲೂ ಆಗಿ, ಮೆಲ್ಲಗೆ ಮನೆ ಸೇರಿದ ಮೇಲೆ ಶಾಂತಾ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

“ಇನ್ನ ನಾ ಆ ಗಾಡಿ ಹತ್ತಂಗಿಲ್ರಿ. ದವಾಖಾನಿಗೂ ಬರಂಗಿಲ್ಲ. ಜೀವ ಹೋಗೂದಿದ್ರ ಮನ್ಯಾಗ ಹೋಗ್ಲಿ.”

ಆಟೋದಲ್ಲಿ ಆಕೆಗೆ ಕುಳಿತು ಬರಲಾಗದು. ಶುಕ್ರವಾರದ ಸರದಿ ತಪ್ಪಿದರೆ ಏನಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ದೇವರ ಮುಂದೆ ಕುಳಿತು ಕೇಳಿಕೊಂಡೆ: “ಅಪ್ಪಾ, ಆ ದೀಪ ಯಾಕ ಹತ್ತೇತಿ, ನನಗ ತೋರ್ಸು. ನೀ ತೋರಿಸೂತನ ನಾ ಬಿಡಂಗಿಲ್ಲ.”

ಶುಕ್ರವಾರ ಬೆಳಿಗ್ಗೆ ಯಾದಗಿರಿಯನ್ನು ಮನೆಗೇ ಕರೆಸಿದೆ. ಅದೇ ಕೋಡ್. ಅವನು ಅಳಿಸಲು ಹೊರಟ. “ಅಳಿಸಬೇಡ. ಗಾಳಿ ಒಳಗೆ ಹೋಗುವ ಬಾಯಿಯಿಂದ ಒಂದೊಂದೇ ಬಿಚ್ಚು, ನಾನು ನೋಡಬೇಕು” ಎಂದೆ. ಫಿಲ್ಟರ್ ಡಬ್ಬಿ ತೆರೆದಾಗ ಮಡಿಕೆ ಮಡಿಕೆಯಲ್ಲೂ ಹಳದಿ ಪುಡಿ. ಹಿಂದಿನ ಸಲ ಈ ಡಬ್ಬಿಯನ್ನು ಯಾರೂ ತೆರೆದಿರಲಿಲ್ಲ. ಫಿಲ್ಟರಿನ ಅಂಚು ಸರಿಯಾಗಿ ಕೂತಿರಲಿಲ್ಲ. ಅಲ್ಲಿಂದ ನುಸುಳಿದ ಪುಡಿ ಸೆನ್ಸರಿನ ತಂತಿಗೂ ಅಂಟಿತ್ತು.

“ಕಂಪನಿ ಧೂಳ್ ಹೈ ಸಾಬ್! ಯೇ ಏರಿಯಾ ಹೀ ಖರಾಬ್” ಎಂದ ಯಾದಗಿರಿ.

ಕಾರ್ಖಾನೆಯ ಧೂಳೆಂದು ನಾನೂ ನಂಬಿ, ಆಚೆಯ ಚಿಮಣಿಗಳತ್ತ ನೋಡಿದೆ. ಈ ಗಾಳಿಯಿಂದ ಆಕೆಯನ್ನು ಎಲ್ಲಿಗೆ ಕರೆದೊಯ್ಯಲಿ ಎಂದು ಚಿಂತೆಯಾಯಿತು.

ಅಷ್ಟರಲ್ಲಿ ಶಾಂತಾ ಗೋಡೆ ಹಿಡಿದು ಹೊರಗೆ ಬಂದಳು. ಬೆರಳಿಗೆ ಆ ಪುಡಿ ತಗೊಂಡು ಮೂಸಿದಳು, ಹಣೆಗೆ ಹಚ್ಚಿಕೊಂಡಳು.

“ಕಾರ್ಖಾನಿ ಧೂಳಲ್ರಿ ಇದು. ನಮ್ಮಪ್ಪನ ಭಂಡಾರ.”

ನಾನೂ ಮೂಸಿದೆ, ಅರಿಶಿನದ ವಾಸನೆ. ಆಕೆ ನಗತೊಡಗಿದಳು, ಡಯಾಲಿಸಿಸ್ ಶುರುವಾದ ಮೇಲೆ ಆ ನಗು ನಾನು ಕೇಳಿರಲಿಲ್ಲ.

“ನನಗ ಉಪ್ಪು ಬ್ಯಾಡ, ನೀರು ಬ್ಯಾಡ ಅಂತ ಪಥ್ಯ ಹಚ್ಚೀರಿ. ಗಾಡಿಗೆ ಮಾತ್ರ ಮೂಗಿನತನ ಭಂಡಾರ ತುರುಕೀರಿ! ಅದರ ಮೂಗ ತೊಳೀರಿ ಮೊದ್ಲ. ನಾ ಸೀರಿ ಬದ್ಲಿಸಿ ಬರ್ತೀನಿ.”

ಯಾದಗಿರಿ ಡಬ್ಬಿ ಒರೆಸಿ ಹೊಸ ಫಿಲ್ಟರನ್ನು ಒತ್ತಿ ಕೂಡಿಸಿದ. ಸೆನ್ಸರಿಗೆ ಅದನ್ನು ತೊಳೆಯುವ ಸ್ಪ್ರೇ ಹೊಡೆದು, ಒಣಗಿದ ಮೇಲೆ ಕೋಡ್ ಅಳಿಸಿದ. ನಾನೊಬ್ಬನೇ ಮೊದಲು ಒಂದು ಸುತ್ತು ಓಡಿಸಿ ನೋಡಿದೆ. ಆಮೇಲೆ ಶಾಂತಾ ಹತ್ತಿದಳು. ಅದೇ ಫ್ಲೈಓವರ್ ಏರುವಾಗ ಇಬ್ಬರೂ ಮೀಟರಿನಿಂದ ಕಣ್ಣು ಕೀಳಲಿಲ್ಲ. ದೀಪ ಹತ್ತಲಿಲ್ಲ. ಇವತ್ತಿನವರೆಗೂ ಹತ್ತಿಲ್ಲ.

ನೀನೇ ಹಾಕಿದ್ದನ್ನು ನೀನೇ ತೆಗೆದೆ, ಇದರಲ್ಲಿ ದೇವರದೇನು ಎಂದು ಗೆಳೆಯನೊಬ್ಬ ಕೇಳಿದ. ನಾನು ಬೇಡಿದ್ದು ತೋರಿಸು ಎಂದು. ತೋರಿಸಿದ, ತನ್ನದೇ ಬಣ್ಣದಲ್ಲಿ. ಇನ್ನು ಬರುವುದಿಲ್ಲ ಎಂದು ಗೋಡೆಗೆ ಮುಖ ಮಾಡಿದ್ದವಳ ಬೆರಳಿನಿಂದಲೇ. ಅವನ ಪಾದಕ್ಕೆ ನಮ್ಮಿಬ್ಬರ ಹಣೆ ಮಣಿದಿರಲಿ.

ಈಗಲೂ ಹೊರಡುವ ಮುಂಚೆ ಪ್ರತಿ ಸಲ ಏಳುಕೋಟಿ ಎಂದು ಭಂಡಾರ ಹಚ್ಚುತ್ತೇನೆ. ಬಾನೆಟ್ ಮುಚ್ಚಿ, ಶಾಂತಾಳ ಹಣೆಗೆ.