ಹಿಂದೆ ಬಿದ್ದ ತಬಲಾ

ನೌಕರಿಯಿಂದ ನಿವೃತ್ತರಾಗಿ ನಾಲ್ಕು ವರ್ಷವಾಗಿದ್ದರೂ ಜಗದೇವಪ್ಪನವರು ತಪ್ಪು ಹುಡುಕುವುದನ್ನು ಬಿಟ್ಟಿರಲಿಲ್ಲ. ಕಲಬುರಗಿಯ ಸರಕಾರಿ ಕಚೇರಿಯೊಂದರ ಬಿಲ್ ವಿಭಾಗದಲ್ಲಿ ಕೂತು, ಬಂದ ಬಿಲ್ಲಿಗೆಲ್ಲ ಆಕ್ಷೇಪಣೆ ಬರೆದು ವಾಪಸು ಕಳಿಸಿದ ಕೈ ಅವರದು. ಈಗ ಆ ಕೈ ಹಾರ್ಮೋನಿಯಂ ಮೇಲಿತ್ತು, ಆಕ್ಷೇಪಣೆ ಹಾಡುವವರ ಮೇಲಿತ್ತು. ಮೊಬೈಲಿನಲ್ಲಿ ಹಾಡಿ ಹಾಕುವವರಿಗೆ ಶ್ರುತಿ ಇಲ್ಲ. ಸೂಪರ್ ಮಾರ್ಕೆಟ್ ಹತ್ತಿರದ ಸ್ಟುಡಿಯೋದವನಿಗೆ ಕಿವಿ ಇಲ್ಲ. ಹುಟ್ಟೂರು ಕಮಲಾಪುರದ ಭಜನಾ ಮಂಡಳಿಯಲ್ಲಿ ಎಷ್ಟೋ ವರ್ಷದಿಂದ ತಮ್ಮ ಪಕ್ಕ ಕೂತು ತಬಲಾ ಬಾರಿಸುವ ನಬಿಸಾಬನಿಗೆ ಲಯ ಇಲ್ಲ.

ನಬಿಸಾಬ ಕಮಲಾಪುರದ ಬಸ್ ನಿಲ್ದಾಣದೆದುರು ಕೆಂಪು ಬಾಳೆಹಣ್ಣು ಮಾರುತ್ತಾನೆ. ಸೋಮವಾರ ಸಂಜೆ ಗಾಡಿಗೆ ತಾಡಪತ್ರಿ ಹೊದಿಸಿ ಭಜನೆಗೆಂದು ಮಠಕ್ಕೆ ಬರುತ್ತಾನೆ. ಅಲ್ಲಿ ಹಾಡು ಹಾಡಿನ ನಡುವೆ ಜಗದೇವಪ್ಪನವರು ಮುಖ ತಿರುಗಿಸದೆ ಒಂದೇ ಮಾತು ಹೇಳುತ್ತಿದ್ದರು.

"ಹಿಂದ ಬೀಳಾಕತ್ತೀ, ನಬ್ಯಾ."

"ಹೌದ್ರೀ ಸಾಹೇಬ್ರ," ಎಂದು ನಬಿಸಾಬ ಬಾರಿಸುವುದನ್ನು ಮುಂದುವರಿಸುತ್ತಿದ್ದ. ಅವನು ಮರುಮಾತಾಡದೆ ಒಪ್ಪುತ್ತಿದ್ದುದೇ ಜಗದೇವಪ್ಪನವರಿಗೆ ಸಿಟ್ಟು ತರುತ್ತಿತ್ತು. ಅವರಿಗೆ ಬೇಕಾದದ್ದು ರುಜುವಾತು.

ಅದಕ್ಕಾಗಿಯೇ ಕಂಪ್ಯೂಟರ್ ತಂದರು. ಸ್ಟೇಶನ್ ಬಜಾರದಲ್ಲಿ ಮುಚ್ಚಿಹೋದ ಇಂಟರ್‌ನೆಟ್ ಅಂಗಡಿಯೊಂದರ ಹಳೆಯ ಡಬ್ಬ ಅದು. ಕೀಲಿಗಳ ಮೇಲಿನ ಅಕ್ಷರಗಳು ಯಾರು ಯಾರದೋ ಬೆರಳಿಗೆ ಸವೆದಿದ್ದವು. ಅಲ್ಲೇ ರಿಪೇರಿ ಅಂಗಡಿ ಇಟ್ಟಿರುವ ತನ್ವೀರ್ ಒಳಗಿನ ಧೂಳು ಊದಿ, ಹಾಡು ರೆಕಾರ್ಡ್ ಮಾಡುವ ಪುಕ್ಕಟೆ ಪ್ರೋಗ್ರಾಂ ಹಾಕಿಕೊಟ್ಟ.

"ಮುದುಕ ಮಿಷನ್ ಅದರೀ. ಒಂದರ ಮ್ಯಾಲ ಒಂದು ರೆಕಾರ್ಡ್ ಮಾಡಿ ಭಾರ ಹಾಕಬ್ಯಾಡ್ರಿ," ಎಂದ.

ಇವನಿಗೇನು ಗೊತ್ತು ಸಂಗೀತ ಎಂದುಕೊಂಡು ಜಗದೇವಪ್ಪನವರು ಆಟೋ ಹತ್ತಿದರು.

ಹೊರಗಿನ ಸದ್ದು ತಡೆಯಲು ಮನೆಯ ನಡುವಿನ ಕೋಣೆಯ ಗೋಡೆಗೆಲ್ಲ ದಪ್ಪ ಕೌದಿ ನೇತುಬಿದ್ದವು. ರೆಕಾರ್ಡಿಂಗಿನ ಹೊತ್ತಿನಲ್ಲಿ ಫ್ಯಾನು ಬಂದ್, ಕೂಲರ್ ಬಂದ್, ಅಡುಗೆಮನೆಯಲ್ಲಿ ಕುಕ್ಕರ್ ಸೀಟಿಯೂ ಬಂದ್.

"ಕಲಬುರ್ಗಿ ಬಿಸಲಾಗ ಕೌದಿ ಹೊತ್ಕೊಂಡು ಹಾಡವ್ರು ನೀವೊಬ್ರೇ ನೋಡ್ರಿ," ಎಂದು ಹೆಂಡತಿ ಕಸ್ತೂರಿಬಾಯಿ ಬೇಳೆಯ ಪಾತ್ರೆ ಇಳಿಸಿ ಹೊರಗೆ ಹೋಗಿ ಕೂತರು.

ಇದ್ದದ್ದು ಒಂದೇ ಮೈಕು. ಮೊದಲು ಜಗದೇವಪ್ಪನವರು ಹಾರ್ಮೋನಿಯಂ ನುಡಿಸಿದರು. ಆಮೇಲೆ, ಕಮಲಾಪುರದಿಂದ ಬಸ್ಸಿನಲ್ಲಿ ತಬಲಾ ಹೊತ್ತು ಬಂದ ನಬಿಸಾಬನ ಕಿವಿಗೆ ಹೆಡ್‌ಫೋನ್ ಹಾಕಿ, ಅದನ್ನು ಕೇಳಿಸುತ್ತ ಅವನು ಬಾರಿಸಿದ ತಬಲಾವನ್ನು ರೆಕಾರ್ಡ್ ಮಾಡಿದರು. ಎರಡನ್ನೂ ಕೂಡಿಸಿ ಹಚ್ಚಿದಾಗ ತಬಲಾ ಹಾರ್ಮೋನಿಯಂ ಹಿಂದೆ ಕುಂಟುತ್ತ ಬಂತು. ಆರಂಭದಿಂದ ಕೊನೆಯವರೆಗೆ ಅದೇ ಕುಂಟು.

ಬೆವರು ಒರೆಸಿಕೊಳ್ಳುವುದನ್ನೂ ಮರೆತು ನಬಿಸಾಬ ಹೇಳಿದ, "ಇನ್ನೊಮ್ಮೆ ಹಚ್ರೀ. ನಾ ಕೂಡಿಸೇ ಬಾರ್ಸೀನಲ್ರೀ."

"ಮಿಷನ್ ಸುಳ್ಳ ಹೇಳ್ತದೇನಲೇ?" ಜಗದೇವಪ್ಪನವರ ಮುಖ ಅರಳಿತ್ತು.

ಆ ಸೋಮವಾರ ಅವರು ಅದನ್ನು ಮೊಬೈಲಿಗೆ ಇಳಿಸಿಕೊಂಡು ಹೋಗಿ ಮಠದ ಸ್ಪೀಕರಿನಲ್ಲಿ ಹಚ್ಚಿದರು. ಮಂಡಳಿಯವರು ತಲೆ ತಗ್ಗಿಸಿ ಕೇಳಿದರು. ಮುಗಿದ ಮೇಲೆ ನಬಿಸಾಬ ತಬಲಾಕ್ಕೆ ಬಟ್ಟೆ ಸುತ್ತಿ ಎದ್ದ.

"ಇಷ್ಟ್ ದಿನಾ ತಡಕೊಂಡ್ರಿ. ಭಾಳ ಉಪಕಾರ ಆತ್ರೀ," ಎಂದು ಎಲ್ಲರಿಗೂ ಕೈಮುಗಿದು ಹೋದ. ಮರುವಾರ ಬರಲಿಲ್ಲ. ಅವತ್ತು ಭಜನೆ ತಬಲಾ ಇಲ್ಲದೆ ನಡೆಯಿತು. ಜಗದೇವಪ್ಪನವರ ಬೆರಳು ಮುಂದೋಡಿದಂತೆ ಹಾಡುವವರು ಏದುಸಿರು ಬಿಡುತ್ತ ಬೆನ್ನಟ್ಟಿದರು. ಮಂಡಳಿಯ ಹಿರಿಯ ಶಿವಲಿಂಗ, "ಬಸ್ ಹಿಡೀಬೇಕಾಗಿತ್ತೇನ್ರೀ?" ಎಂದು ಕೇಳಿದ.

ಇನ್ನು ತಬಲಾದ ಹಂಗೇ ಬೇಡ ಎಂದು ಜಗದೇವಪ್ಪನವರು ಮನೆಯಲ್ಲಿ ರೆಕಾರ್ಡ್ ಮಾಡಿದ್ದ ತಮ್ಮದೇ ಹಾರ್ಮೋನಿಯಂ ಮೇಲೆ ತಮ್ಮದೇ ದನಿ ಕೂಡಿಸಿದರು. ಹಚ್ಚಿ ಕೇಳಿದರು. ಒಳಗಿನಿಂದ ಕಸ್ತೂರಿಬಾಯಿ ಕೂಗಿದರು.

"ಯಾರ್ರೀ ಅದು ಹಿಂದ ಬಿದ್ದು ಹಾಡಾಕತ್ತಾರ? ನಬಿಸಾಬಣ್ಣ ಬಂದಾರೇನು?"

ಜಗದೇವಪ್ಪನವರು ಇನ್ನೊಮ್ಮೆ ಹಾಡಿದರು. ಮತ್ತೂ ಒಮ್ಮೆ ಹಾಡಿದರು. ಪ್ರತಿ ಸಲವೂ ಅವರು ತಮ್ಮ ಹಿಂದೆ ತಾವೇ ಬಿದ್ದರು.

ರಿಪೇರಿ ಅಂಗಡಿಗೆ ಹೋಗಿ ಹೇಳಿದಾಗ ತನ್ವೀರ್ ಕೇಳಿ ನಕ್ಕ. "ಈ ಮಿಷನ್ ಮೊದಲಿನ ರೆಕಾರ್ಡ್ ಕಿವಿಗಿ ಹಾಕ್ಲಾಕ ಒಂದಿಷ್ಟು ಹೊತ್ತು ತಗೋತದ, ಅದರ ಮ್ಯಾಲಿಂದು ಹಿಡ್ಕೊಳ್ಳಾಕ ಇನ್ನೊಂದಿಷ್ಟು. ಎರಡನೇದಾಗಿ ಯಾರ್ ಬಂದ್ರೂ ಹಿಂದೇ ಬೀಳ್ತಾರ್ರೀ. ದೊಡ್ಡ ಉಸ್ತಾದ್ ಬಂದ್ರೂ ಅಷ್ಟೇ."

"ಮೊದಲೇ ಬಾಯಿ ಬಿಟ್ಟು ಹೇಳಾಕ ಏನಾಗಿತ್ತು?"

"ಹೇಳಿದ್ನಲ್ರೀ. ನೀವು ನಿಂತು ಕೇಳ್ಬೇಕಲ್ಲ."

ಜಗದೇವಪ್ಪನವರು ಕಮಲಾಪುರದ ಬಸ್ಸು ಹತ್ತಿದರು. ಗಾಡಿಯ ಮುಂದೆ ನಿಂತು, ಬಾಳೆಗೊನೆ ನೋಡುತ್ತ ದನಿ ತಗ್ಗಿಸಿದರು. "ಮಿಷನ್ ಸ್ವಲ್ಪ ಕೆಟ್ಟದ. ಸೋಮವಾರ ಬಾ."

ನಬಿಸಾಬ ಹಣ್ಣು ಜೋಡಿಸುವುದನ್ನು ನಿಲ್ಲಿಸಲಿಲ್ಲ. "ನಾ ಹಿಂದ ಬೀಳ್ತೀನಂತ ನನ್ ಕಿವ್ಯಾಗ ಹೇಳಿದ್ರೇನ್ರೀ ಸಾಹೇಬ್ರ? ಸ್ಪೀಕರಿನ್ಯಾಗ ಹೇಳೀರಿ. ಇದನ್ನೂ ಅದರಾಗೇ ಹೇಳ್ರಿ. ಕೇಳಿ ಬರ್ತೀನಿ."

ಸೋಮವಾರ ನಬಿಸಾಬ ಮಠದ ಬಾಗಿಲಿಗೆ ಬಂದ. ಬಗಲಲ್ಲಿ ಬಟ್ಟೆ ಸುತ್ತಿದ ತಬಲಾ, ಕಾಲಲ್ಲಿ ಚಪ್ಪಲಿ. ಹೊಸ್ತಿಲು ದಾಟದೆ ನಿಂತ. ಜಗದೇವಪ್ಪನವರು ಮೈಕು ಹಿಡಿದು ಎದ್ದರು.

"ಸದರಿ ಯಂತ್ರದಲ್ಲಿ ತಾಂತ್ರಿಕ ದೋಷ ಇದ್ದದ್ದು ಗಮನಕ್ಕೆ ಬಂದಿರುತ್ತದೆ."

"ನಮಗ ತಿಳಿಯೋ ಹಂಗ ಹೇಳ್ರೀ," ಎಂದ ಶಿವಲಿಂಗ. ಮಂಡಳಿ ನಕ್ಕಿತು.

"ನಬಿಸಾಬನ ತಬಲಾ ಸರಿ ಅದ."

"ಮತ್ತ ತಪ್ಪು ಯಾರ್ದು?"

ಎಷ್ಟೋ ಬಿಲ್ಲುಗಳ ಮೇಲೆ ಹಿಂದೆಮುಂದೆ ನೋಡದೆ ತಪ್ಪು ಎಂದು ಬರೆದಿದ್ದ ಜಗದೇವಪ್ಪನವರು ಈಗ ಆ ಶಬ್ದವನ್ನು ಬಿಟ್ಟು, ಮೈಕನ್ನು ಬಾಯಿಂದ ದೂರ ಹಿಡಿದು, "ನಂದು," ಎಂದರು.

"ಹಿಂದಿನವ್ರಿಗಿ ಕೇಳಸ್ಲಿಲ್ರೀ," ಎಂದು ಯಾರೋ ಕೂಗಿದರು.

"ನಂದು ತಪ್ಪು."

ಶಿವಲಿಂಗ ಎದ್ದು ಬಂದು ಮೈಕನ್ನು ಅವರ ತುಟಿಗೆ ಹತ್ತಿರ ಮಾಡಿದ. ಮೂರನೆಯ ಸಲ ಆ ಮಾತು ಬೀದಿಯವರೆಗೂ ಕೇಳಿಸಿತು. ಆಗ ನಬಿಸಾಬ ಚಪ್ಪಲಿ ಬಿಟ್ಟು ಒಳಗೆ ಬಂದ.